ರಕ್ತದ ಸಕ್ಕರೆ ಕುಸಿದಾಗ: ವ್ಯಾಪಾರಸ್ಥರು ಅರಿತಿರಬೇಕಾದುದು

2023ರ ಸೆಪ್ಟೆಂಬರ್ ಕೊನೆಯ ವಾರ. ತೆರಿಗೆ ಲೆಕ್ಕಪರಿಶೋಧನಾ ವರದಿಗಳನ್ನು ಸಲ್ಲಿಸುವ ಗಡುವು ಸಮೀಪಿಸಿತ್ತು. ಬೆಳಿಗ್ಗೆ ಎಂದಿನಂತೆ ಮಧುಮೇಹದ ಮಾತ್ರೆ ಸೇವಿಸಿ, ಎರಡು ಇಡ್ಲಿ ತಿಂದು ಕಚೇರಿಗೆ ಬಂದವನು ಮಧ್ಯಾಹ್ನ ಮೂರು ಗಂಟೆಯಾದರೂ ಊಟಕ್ಕೆ ಏಳಲಿಲ್ಲ. ಒಂದೇ ಕಾಲಮ್ಮನ್ನು ಮೂರು ಬಾರಿ ಕೂಡಿದೆ. ಮೂರು ಬಾರಿಯೂ ಬೇರೆ ಬೇರೆ ಮೊತ್ತ ಬಂದಿತು. ಫ್ಯಾನಿನ ಕೆಳಗೇ ಕುಳಿತಿದ್ದರೂ ಅಂಗಿ ಬೆವರಿನಿಂದ ತೊಯ್ದಿತ್ತು. ತಪ್ಪೇನೂ ಮಾಡದ ಗುಮಾಸ್ತನ ಮೇಲೆ ರೇಗಿದೆ. ಆತನ ತಾಯಿಯೂ ಮಧುಮೇಹಿ. ಮರುಮಾತನಾಡದೆ ಸಕ್ಕರೆ ಕದಡಿದ ನೀರಿನ ಲೋಟವನ್ನು ಮುಂದಿಟ್ಟು, "ಸಾರ್, ಮೊದಲು ಇದನ್ನು ಕುಡಿಯಿರಿ" ಎಂದನು. ಕಾಲು ಗಂಟೆಯಲ್ಲಿ ತಲೆ ತಿಳಿಯಾಯಿತು. ಆ ಸ್ಥಿತಿಯಲ್ಲಿಯೇ ವರದಿಗೆ ಸಹಿ ಹಾಕಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಅಳುಕಾಗುತ್ತದೆ.

ನಾನು ವೈದ್ಯನಲ್ಲ. ಆದರೆ ಊಟದ ವೇಳೆಯನ್ನು ಗಿರಾಕಿಗಳಿಗೆ ಒಪ್ಪಿಸಿಬಿಡುವ ಅಭ್ಯಾಸ ನಮ್ಮ ಸದಸ್ಯರಲ್ಲಿ ಅನೇಕರಿಗಿರುವುದರಿಂದ, ಅಂದಿನಿಂದ ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ವಿವರಿಸಬಯಸುತ್ತೇನೆ.

ಮಧುಮೇಹಿಗಳಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಸಕ್ಕರೆಯ ಪ್ರಮಾಣ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು ಕೊರತೆಯೆಂದೇ ಪರಿಗಣಿಸಬೇಕು. 54ಕ್ಕಿಂತ ಕಡಿಮೆಯಾದರೆ ಅಪಾಯ. ಮಿದುಳಿನಲ್ಲಿ ಸಕ್ಕರೆಯ ದಾಸ್ತಾನು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಕ್ಷಣಕ್ಷಣವೂ ನಗದು ಪೂರೈಕೆಯೇ ಆಗಬೇಕು, ಉದ್ರಿ ನಡೆಯದು. ಆದ್ದರಿಂದಲೇ ನಡುಕ, ಬೆವರು, ಎದೆಬಡಿತ, ವಿಪರೀತ ಹಸಿವು ಮೊದಲು ಕಾಣಿಸಿಕೊಂಡು, ಬಳಿಕ ಸಿಡುಕು, ಗೊಂದಲ, ಮಾತಿನ ತೊದಲು ತಲೆದೋರುತ್ತವೆ. ನೋಡುವವರು ಮದ್ಯ ಸೇವಿಸಿದ್ದಾರೆಂದು ಭಾವಿಸುವುದೂ ಉಂಟು. ರಕ್ತದೊತ್ತಡಕ್ಕೆ ನೀಡುವ ಬೀಟಾ ಬ್ಲಾಕರ್ ವರ್ಗದ ಮಾತ್ರೆಗಳು ನಡುಕ ಮತ್ತು ಎದೆಬಡಿತಗಳನ್ನು ಮರೆಮಾಚಬಲ್ಲವು. ಅಂಥವರಿಗೆ ಬೆವರೇ ಮುಖ್ಯ ಸೂಚನೆ. ಪದೇ ಪದೇ ಸಕ್ಕರೆ ಕುಸಿಯುವವರಲ್ಲಿ ಈ ಮುನ್ಸೂಚನೆಗಳೇ ಮಂಕಾಗುತ್ತವೆ.

"ನನ್ನ ಮೂರು ತಿಂಗಳ ಸರಾಸರಿ ಚೆನ್ನಾಗಿದೆ" ಎಂದು ನಿಶ್ಚಿಂತರಾಗಿರುವವರು ಒಂದು ಮಾತನ್ನು ಗಮನಿಸಬೇಕು. ತಿಂಗಳ ಸರಾಸರಿ ಶಿಲ್ಕು ಉತ್ತಮವಾಗಿದ್ದ ಖಾತೆಯಲ್ಲಿಯೂ ಒಂದು ದಿನ ಚೆಕ್ ಹಿಂದಿರುಗುವುದನ್ನು ನಾವೆಲ್ಲ ಕಂಡಿದ್ದೇವೆ. ಎಚ್‌ಬಿಎ1ಸಿ ಪರೀಕ್ಷೆಯೂ ಹಾಗೆಯೇ, ಏರಿಳಿತಗಳನ್ನು ಅದು ತೋರಿಸುವುದಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹಾಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆ ಸೇವಿಸುವವರಿಗೆ ಈ ಭಯ ಹೆಚ್ಚು. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಅಪರೂಪ. ಏಕಾದಶಿಯ ಉಪವಾಸ, ರಂಜಾನ್ ಉಪವಾಸ, ಖಾಲಿ ಹೊಟ್ಟೆಯ ಮದ್ಯಪಾನ, ಗೋದಾಮಿನಲ್ಲಿ ಅನಿರೀಕ್ಷಿತ ಶ್ರಮ, ಮೂತ್ರಪಿಂಡದ ತೊಂದರೆ ಇವೆಲ್ಲವೂ ಅಪಾಯವನ್ನು ಹೆಚ್ಚಿಸುತ್ತವೆ.

ಪರಿಹಾರ ಸುಲಭ, ಆದರೆ ತಡಮಾಡುವಂತಿಲ್ಲ. ಸುಮಾರು 15 ಗ್ರಾಂ ಸಕ್ಕರೆಯನ್ನು, ಎಂದರೆ ಮೂರು ಟೀ ಚಮಚದಷ್ಟನ್ನು ನೀರಿನಲ್ಲಿ ಬೆರೆಸಿ ಕುಡಿಯಬೇಕು. 15 ನಿಮಿಷಗಳ ನಂತರ ಗ್ಲುಕೋಮೀಟರ್‌ನಲ್ಲಿ ನೋಡಬೇಕು. 70 ದಾಟದಿದ್ದರೆ ಮತ್ತೊಮ್ಮೆ ಕುಡಿಯಬೇಕು. ಸರಿಹೋದ ಮೇಲೆ ಊಟವನ್ನೋ ತಿಂಡಿಯನ್ನೋ ಮಾಡಲೇಬೇಕು. ಮೈಸೂರುಪಾಕು, ಚಾಕೊಲೇಟುಗಳು ಈ ಕೆಲಸಕ್ಕೆ ಸಲ್ಲವು, ಅವುಗಳಲ್ಲಿನ ಜಿಡ್ಡು ಸಕ್ಕರೆಯನ್ನು ರಕ್ತಕ್ಕೆ ನಿಧಾನವಾಗಿ ಸೇರಿಸುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ಸೇವಿಸುವವರಿಗಂತೂ ಮನೆಯ ಸಕ್ಕರೆಯೂ ಬೇಗ ಫಲ ನೀಡದು. ಅವರು ಔಷಧದಂಗಡಿಯಲ್ಲಿ ದೊರೆಯುವ ಗ್ಲೂಕೋಸ್ ಪುಡಿಯನ್ನೇ ಬಳಸತಕ್ಕದ್ದು. ಚೇತರಿಸಿಕೊಂಡ ನಂತರವೂ ಮುಕ್ಕಾಲು ಗಂಟೆಯವರೆಗೆ ವಾಹನ ಚಲಾಯಿಸಬಾರದು.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಶ್ವಾಸನಾಳಕ್ಕೆ ಇಳಿದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಮೇಲೆ ಹೇಳಿದ ಗ್ಲಿಮೆಪಿರೈಡ್ ವರ್ಗದ ಮಾತ್ರೆಗಳ ಪರಿಣಾಮ ದೀರ್ಘವಾದುದರಿಂದ, ಒಮ್ಮೆ ಎಚ್ಚೆತ್ತವರ ಸಕ್ಕರೆ ಕೆಲವು ಗಂಟೆಗಳ ನಂತರ ಪುನಃ ಕುಸಿಯಬಹುದು. ಆದ್ದರಿಂದ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಿಗೆ ತೋರಿಸಬೇಕು. ಆದರೆ ಹೆದರಿ ಮಾತ್ರೆಯನ್ನೇ ತಾವಾಗಿ ನಿಲ್ಲಿಸುವುದು ಸರಿಯಲ್ಲ. ಕುಸಿದ ದಿನ, ವೇಳೆ, ಊಟದ ವಿವರ ಬರೆದಿಟ್ಟುಕೊಂಡು ಹೋದರೆ ಪ್ರಮಾಣವನ್ನು ವೈದ್ಯರೇ ಬದಲಾಯಿಸುತ್ತಾರೆ.

ನನ್ನ ಮೇಜಿನ ಖಾನೆಯಲ್ಲಿ ಈಗ ಮೊಹರು, ಸ್ಟ್ಯಾಂಪ್ ಪ್ಯಾಡುಗಳ ಪಕ್ಕದಲ್ಲಿ ಗ್ಲೂಕೋಸ್ ಪೊಟ್ಟಣವೊಂದಿದೆ. ಅದು ಎಲ್ಲಿದೆಯೆಂಬುದು ಕಚೇರಿಯ ಎಲ್ಲರಿಗೂ ಗೊತ್ತು. ಕಾರಣವಿಲ್ಲದೆ ನಾನು ರೇಗಿದರೆ ಮೊದಲು ಅದನ್ನು ತಂದುಕೊಡಬೇಕೆಂದು ಹೇಳಿಟ್ಟಿದ್ದೇನೆ. ಈವರೆಗೆ ಎರಡು ಬಾರಿ ತಂದುಕೊಟ್ಟಿದ್ದಾರೆ; ಒಮ್ಮೆ ಮಾತ್ರ ಸಕ್ಕರೆ ನಿಜವಾಗಿಯೂ ಕಡಿಮೆಯಾಗಿತ್ತು.