ಆಗುಂಬೆಗೆ ಮಳೆ, ಚಳ್ಳಕೆರೆಗೆ ಗಾಳಿ

ಕರಾವಳಿಗೆ ಮುಂಗಾರು ಬಂತೆಂದು ರೇಡಿಯೋದಲ್ಲಿ ಸುದ್ದಿ ಬಂದ ಮರುದಿನ. ಚಳ್ಳಕೆರೆ ಕಡೆಯ ನಮ್ಮ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: ‘ಸಾರ್, ಮಳೆ ಬಂತಂತಲ್ಲ, ನಮ್ಮಪ್ಪ ಶೇಂಗಾ ಬಿತ್ತಬಹುದಾ?’

ಪುಸ್ತಕದಲ್ಲಿ ಇದಕ್ಕೆ ‘ಮಳೆ ನೆರಳಿನ ಪ್ರದೇಶ’ ಎಂಬ ಎರಡು ಅಂಕದ ಉತ್ತರವಿದೆ. ಸಾಲ ಮಾಡಿ ಬೀಜ ತಂದ ಮನೆಗೆ ಅಷ್ಟು ಸಾಕಾಗುವುದಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ನೇರ ರೇಖೆಯಲ್ಲಿ 200 ಕಿ.ಮೀ. ಒಳಗಿರುವ ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಎರಡೂ ಊರಿನ ಮೇಲೆ ಬೀಸುವುದು ಅರಬ್ಬೀ ಸಮುದ್ರದಿಂದ ಹೊರಟ ಅದೇ ನೈಋತ್ಯ ಮಾರುತ. ಹಾಗಿದ್ದ ಮೇಲೆ ಈ ವ್ಯತ್ಯಾಸವೇಕೆ?

ಸೈಕಲ್ ಇರುವ ಮಕ್ಕಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಚಕ್ರಕ್ಕೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿ. ಟ್ಯೂಬಿನ ಗಾಳಿ ಬಿಟ್ಟು ಅದಕ್ಕೆ ಬೆರಳು ಹಿಡಿಯಿರಿ, ತಂಪು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಹಿಗ್ಗಿದ ಗಾಳಿ ತಣಿಯುತ್ತದೆ. ಘಟ್ಟಕ್ಕೆ ಎದುರಾದ ಮಾರುತಕ್ಕೆ ಮೇಲೇರದೆ ದಾರಿಯಿಲ್ಲ. ಮೇಲೆ ಒತ್ತಡ ಕಡಿಮೆ. ಗಾಳಿ ಹಿಗ್ಗಿ, ಒಂದು ಕಿ.ಮೀ. ಏರುವುದರೊಳಗೆ ಸುಮಾರು 10 ಡಿಗ್ರಿಯಷ್ಟು ತಣಿಯುತ್ತದೆ. ತಣಿದ ಗಾಳಿಯಲ್ಲಿ ಆವಿ ನಿಲ್ಲಲಾರದೆ ಮೋಡವಾಗಿ, ಮಳೆಯಾಗಿ ಆಗುಂಬೆಯ ಕಾಡಿಗೆ ಸುರಿಯುತ್ತದೆ. (ಮೋಡ ಕಟ್ಟಿದ ಮೇಲೆ ಆವಿಯ ಶಾಖ ಹೊರಬೀಳುವುದರಿಂದ ತಣಿಯುವ ವೇಗ ತಗ್ಗುತ್ತದೆ. ಇದು ಮೇಲಿನ ತರಗತಿಯವರಿಗೆ.) ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಗಾಳಿ ಮತ್ತೆ ಒತ್ತಿ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಜೂನ್, ಜುಲೈನಲ್ಲಿ ನಮ್ಮ ತಲೆಯ ಮೇಲೆ ಓಡುವ ಮೋಡಗಳು ಸುರಿಯದೆ ಹೋಗುವುದು ಇದಕ್ಕೇ. ಆದರೆ ಗಾಳಿಗೇನೂ ಕಡಿಮೆಯಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳೇ ಸಾಕ್ಷಿ.

ಹಾಗಾದರೆ ನಮಗೆ ಮಳೆ ಯಾವಾಗ? ನಮ್ಮ ಹಿರಿಯರು ಉತ್ತರೆ, ಹಸ್ತ, ಚಿತ್ತೆ ಮಳೆಗಳನ್ನು ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಪಡುವಣ ಗಾಳಿ ಸೋಲುತ್ತದೆ, ಸಂಜೆಯ ಗುಡುಗು ಮಳೆ ಶುರುವಾಗುತ್ತದೆ. ಮುಂದೆ ಬಂಗಾಳ ಕೊಲ್ಲಿಯ ಕಡೆಯಿಂದಲೂ ತೇವ ಬರುತ್ತದೆ. ಆ ದಿಕ್ಕಿನ ಪೂರ್ವಘಟ್ಟ ತುಂಡು ತುಂಡು, ಅಷ್ಟಾಗಿ ತಡೆಯುವುದಿಲ್ಲ.

ಈ ಮಳೆಯೂ ಖಾತ್ರಿಯೇನಲ್ಲ. ಪಕ್ಕದ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂದರೆ 89 ವರ್ಷಗಳ ನಂತರ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: ‘ಅದು ಮಂಗಳೂರಿನ ಮಳೆಯ ಸುದ್ದಿ ಕಣಪ್ಪ. ಹೊಲದಲ್ಲಿ ಒಂದು ಗೇಣು ಅಗೆದು ನೋಡಲು ಹೇಳು. ತಳದವರೆಗೂ ಹಸಿಯಿದ್ದರೆ ಬಿತ್ತಲಿ.’ ಹುಡುಗ ತಲೆ ತಗ್ಗಿಸಿ ಕುಳಿತ. ಮೇ ಕೊನೆಯ ಒಂದು ಮಳೆಯ ತೇವ ನೆಚ್ಚಿ ಅವರಪ್ಪ ಆ ದಿನ ಬೆಳಿಗ್ಗೆಯೇ ಎರಡು ಎಕರೆ ಬಿತ್ತಿಯಾಗಿತ್ತು. ಆ ಬೀಜ ಮೊಳೆತು ಒಣಗಿತು. ಉಳಿದ ಮೂರು ಎಕರೆಗೆ ಜುಲೈ ಕೊನೆಯವರೆಗೂ ಕಾದು, ಮಣ್ಣು ಅಗೆದು ನೋಡಿ ಬಿತ್ತಿದರು.