ಮುಯ್ಯಿಯ ಲೆಕ್ಕ

ಮದುವೆಮನೆಯಲ್ಲಿ ನಂಟರಿಷ್ಟರು ಕೊಡುವ ಉಡುಗೊರೆಗೆ ನಮ್ಮ ಕಡೆ ಮುಯ್ಯಿ ಎಂದು ಹೆಸರು. ಯಾರು ಎಷ್ಟು ಮುಯ್ಯಿ ಮಾಡಿದರೆಂಬುದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಅಷ್ಟಕ್ಕೆ ಒಂದು ರೂಪಾಯಿ ಸೇರಿಸಿ ಹಿಂದಿರುಗಿಸುವುದು ಮರ್ಯಾದೆ. ಕೇಡು ಮಾಡಿದವನಿಗೆ ಕೇಡನ್ನು ಹಿಂದಿರುಗಿಸುವುದಕ್ಕೂ ಕನ್ನಡದಲ್ಲಿ ಅದೇ ಮಾತು ಸಲ್ಲುತ್ತದೆ. ‘ಮುಯ್ಯಿ ತೀರಿಸಿಕೊಂಡ’ ಎನ್ನುತ್ತೇವೆ. ಇದು ಆಕಸ್ಮಿಕವೆಂದು ತೋರುವುದಿಲ್ಲ. ಎರಡರ ಹಿಂದೆಯೂ ಲೆಕ್ಕವುಂಟು. ಎರಡರಲ್ಲಿಯೂ ಹಿಂದಿರುಗಿಸುವಾಗ ಒಂದು ರೂಪಾಯಿ ಹೆಚ್ಚಾಗಿಯೇ ಇರುತ್ತದೆ. ಆದಕಾರಣ ಲೆಕ್ಕ ಎಂದಿಗೂ ಮುಗಿಯುವುದಿಲ್ಲ.

ಇದೇ ಕುಟುಂಬದ ಇತರ ಪದಗಳನ್ನೂ ನೋಡಬಹುದು. ಹಗೆ ಎಂಬುದು ಹಳಗನ್ನಡದಲ್ಲಿ ಪಗೆ. ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಅನೇಕರ ಮನೆಮಾತಾದ ತೆಲುಗಿನಲ್ಲಿ ಅದು ಇಂದಿಗೂ ಪಗ. ಸಂಸ್ಕೃತದ ಪ್ರತೀಕಾರ ಶಬ್ದಕ್ಕೆ ಸೇಡು ಎಂಬ ಅರ್ಥವಿರುವಂತೆ ರೋಗಕ್ಕೆ ಮಾಡುವ ಪರಿಹಾರ, ಚಿಕಿತ್ಸೆ ಎಂಬ ಅರ್ಥವೂ ಉಂಟು. ನೊಂದವನು ಸೇಡನ್ನು ಬಯಸುವಾಗ ಅವನ ಮನಸ್ಸು ಈ ಎರಡನೆಯ ಅರ್ಥವನ್ನೇ ನಂಬಿಕೊಂಡಿರುತ್ತದೆ. ಇದೊಂದು ಆಗಿಬಿಟ್ಟರೆ ನನ್ನ ಸಂಕಟ ಇಳಿದೀತು ಎಂಬುದು ಅವನ ಎಣಿಕೆ. ನಿಜವಾಗಿಯೂ ಇಳಿಯುತ್ತದೆಯೆ? ಸೇಡಿನ ಒಳ್ಳೆಯ ಕಥೆಗಳೆಲ್ಲ ಕೇಳುವ ಪ್ರಶ್ನೆ ಇದೊಂದೇ. ೨೦೧೦ರಲ್ಲಿ ತೆರೆಕಂಡ ‘ಕೊಕುಹಾಕು’ ಎಂಬ ಜಪಾನಿ ಚಲನಚಿತ್ರವೂ ಇದನ್ನೇ ಕೇಳುತ್ತದೆ. ಆ ಚಿತ್ರದ ಪರಿಚಯಕ್ಕೆ ಮುನ್ನ ನಮ್ಮ ಊರಿನ ಕಥೆಯೊಂದನ್ನು ನೆನೆಯುವುದು ಉಚಿತ.

ಕೋಲಾರದ ಪಕ್ಕದಲ್ಲಿ ನಿಂತಿರುವ ಶತಶೃಂಗ ಪರ್ವತ, ಅದರ ಮಗ್ಗುಲಿನ ಅಂತರಗಂಗೆ ಎಲ್ಲರಿಗೂ ಪರಿಚಿತ. ಗಂಗರ ಶಾಸನಗಳಲ್ಲಿ ಊರಿನ ಹೆಸರು ಕುವಳಾಲ. ಆದರೆ ಜನರ ನಾಲಗೆಯ ಮೇಲಿರುವ ಐತಿಹ್ಯ ಬೇರೆ. ಪರಶುರಾಮನು ಕಾರ್ತವೀರ್ಯಾರ್ಜುನನನ್ನು ಕೊಂದದ್ದು ಈ ಬೆಟ್ಟದ ಮೇಲೆ. ಆಗ ಎದ್ದ ಕೋಲಾಹಲದಿಂದಲೇ ಊರಿಗೆ ಕೋಲಾಹಲಪುರವೆಂದು ಹೆಸರಾಯಿತು ಎಂಬುದು ಆ ಕಥೆ. ಇತಿಹಾಸಕಾರರು ಇದನ್ನು ಒಪ್ಪಬೇಕಾಗಿಲ್ಲ. ಆದರೂ ಒಂದು ಊರು ತನ್ನ ಹೆಸರನ್ನೇ ಒಂದು ಸೇಡಿನ ಸದ್ದಿನೊಡನೆ ಕೂಡಿಸಿಕೊಂಡಿತಲ್ಲ, ಅದು ಆಲೋಚಿಸತಕ್ಕ ಸಂಗತಿ.

ಆ ಕಥೆಯ ಲೆಕ್ಕವನ್ನು ಬಿಡಿಸಿ ನೋಡೋಣ. ಮೊದಲು ಹೋದದ್ದು ಜಮದಗ್ನಿಯ ಆಶ್ರಮದ ಹಸು. ಹಸುವಿಗಾಗಿ ಕಾರ್ತವೀರ್ಯನ ತಲೆ ಹೋಯಿತು. ತಂದೆಯ ತಲೆಗಾಗಿ ಕಾರ್ತವೀರ್ಯನ ಮಕ್ಕಳು ಜಮದಗ್ನಿಯನ್ನು ಕೊಂದರು. ಜಮದಗ್ನಿಗಾಗಿ ಪರಶುರಾಮನು ಇಪ್ಪತ್ತೊಂದು ಸಲ ಭೂಮಿಯ ಕ್ಷತ್ರಿಯರನ್ನು ಸವರಿದನು. ಹಸುವಿನಿಂದ ಹೊರಟದ್ದು ಭೂಮಂಡಲಕ್ಕೆ ಬಂದು ಮುಟ್ಟಿತು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ‘ನ್ಯಾಯ ನನ್ನ ಕಡೆಗಿದೆ’ ಎಂದು ಹೇಳಬಲ್ಲವನೊಬ್ಬ ಇದ್ದನು. ಕಡೆಗೆ ಪಿತೃಗಳೇ ಬಂದು ಸಾಕೆಂದು ತಡೆಯಬೇಕಾಯಿತೆಂದು ಮಹಾಭಾರತ ಹೇಳುತ್ತದೆ. ಅವನು ನೆತ್ತರಿನ ಐದು ಮಡುಗಳನ್ನು ಮಾಡಿದ ಸ್ಥಳ ಸಮಂತಪಂಚಕ. ತಲೆಮಾರುಗಳ ಮೇಲೆ ಭೀಮ ದುರ್ಯೋಧನರು ಗದೆಯೆತ್ತಿ ನಿಂತದ್ದೂ ಅಲ್ಲಿಯೇ.

ಆ ಗದಾಯುದ್ಧವನ್ನು ರನ್ನಕವಿ ಕನ್ನಡಕ್ಕೆ ಕೊಟ್ಟ ರೀತಿಯನ್ನು ಇಲ್ಲಿ ನೆನೆಯಬೇಕು. ಬಿಚ್ಚಿದ ಮುಡಿಯ ದ್ರೌಪದಿ, ಪ್ರತಿಜ್ಞೆಯ ಭೀಮ, ಇವರ ಪಕ್ಷವನ್ನು ಹಿಡಿದು ಕಾವ್ಯವನ್ನು ಆರಂಭಿಸಿದ ಕವಿ, ದುರ್ಯೋಧನನು ರಣರಂಗದ ಹೆಣಗಳ ನಡುವೆ ನಡೆದುಹೋಗುವ ಭಾಗಕ್ಕೆ ಬಂದಾಗ ನಮ್ಮ ಮನಸ್ಸನ್ನು ಇನ್ನೊಂದು ಕಡೆಗೆ ತಿರುಗಿಸಿಬಿಡುತ್ತಾನೆ. ಸತ್ತ ಗುರು, ಸತ್ತ ತಮ್ಮ, ಸತ್ತ ಮಗ, ಸತ್ತ ಗೆಳೆಯ, ಒಬ್ಬೊಬ್ಬರ ಮುಂದೆಯೂ ನಿಂತು ಅಳುವ ದುರ್ಯೋಧನನನ್ನು ಕಂಡ ಮೇಲೆ ಭೀಮನ ಜಯದಲ್ಲಿ ನಮಗೆ ಪೂರ್ಣ ಸಂತೋಷವಾಗುವುದಿಲ್ಲ. ಸೇಡಿಗೆ ಗುರಿಯಾಗುವವನಿಗೂ ಒಂದು ಒಳಮನಸ್ಸುಂಟೆಂದು ತೋರಿಸುವುದು ದೊಡ್ಡ ಕವಿಯ ಕೆಲಸ. ಇಂದು ನಾವು ಮನೋವೈಜ್ಞಾನಿಕ ಕಥೆ ಎನ್ನುವುದರ ಬೇರು ಇಲ್ಲಿಯೇ ಇದೆ.

ಇನ್ನು ಜಪಾನಿಗೆ ಹೋಗೋಣ. ಸೇಡಿನ ಕಥೆಗೆ ಆ ದೇಶದಲ್ಲಿಯೂ ಹಳೆಯ ಗೌರವವುಂಟು. ೧೭೦೧ರಲ್ಲಿ ತಮ್ಮ ಒಡೆಯನು ಆಜ್ಞೆಗೊಳಗಾಗಿ ಪ್ರಾಣ ಬಿಡಬೇಕಾಯಿತೆಂದು ನಲವತ್ತೇಳು ಮಂದಿ ಯೋಧರು ಕಾದಿದ್ದು, ೧೭೦೩ರ ಆರಂಭದಲ್ಲಿ ಹಗೆಯನ್ನು ಕೊಂದ ಕಥೆ ಅಲ್ಲಿ ಮನೆಮಾತು. ೧೭೪೮ರಲ್ಲಿ ಅದು ಬೊಂಬೆಯಾಟದ ನಾಟಕವಾಯಿತು. ಆಮೇಲೆ ಎಷ್ಟೋ ಸಲ ಚಲನಚಿತ್ರವೂ ಆಯಿತು. ಆ ಕಾಲದಲ್ಲಿ ಯೋಧರ ಮನೆತನದವರು ಅಧಿಕಾರಿಗಳ ಒಪ್ಪಿಗೆ ಪಡೆದು ತಂದೆಯನ್ನು ಕೊಂದವನನ್ನು ಕೊಲ್ಲುವ ಪದ್ಧತಿಯೂ ಇತ್ತು. ೧೮೭೩ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಅಂದಿನಿಂದ ಮುಯ್ಯಿಯ ಪುಸ್ತಕ ನ್ಯಾಯಾಲಯದ ಕೈಗೆ ಹೋಯಿತು. ನ್ಯಾಯಾಲಯ ಲೆಕ್ಕ ನೋಡುವುದಿಲ್ಲವೆಂದಾಗ ನೊಂದವರು ಏನು ಮಾಡಬೇಕು? ‘ಕೊಕುಹಾಕು’ ಹುಟ್ಟುವುದು ಈ ಸಂದಿಯಲ್ಲಿ.

ಮನಸ್ಸಿನಲ್ಲಿ ಬಚ್ಚಿಟ್ಟದ್ದನ್ನು ಒಪ್ಪಿ ಹೇಳುವುದು ಎಂದು ಈ ಹೆಸರಿನ ಅರ್ಥ. ಕನಾಯೆ ಮಿನಾತೊ ಎಂಬ ಲೇಖಕಿ ೨೦೦೮ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ತೆತ್ಸುಯಾ ನಕಾಶಿಮಾ ಚಿತ್ರವಾಗಿ ನಿರ್ದೇಶಿಸಿದರು. ಉಪಾಧ್ಯಾಯಿನಿ ಯೂಕೊ ಮೊರಿಗುಚಿಯ ಪಾತ್ರದಲ್ಲಿ ನಟಿಸಿದವರು ತಕಾಕೊ ಮಾತ್ಸು. ೨೦೧೧ರಲ್ಲಿ ಜಪಾನಿನ ಅಕಾಡೆಮಿ ಪ್ರಶಸ್ತಿಗಳಲ್ಲಿ ಉತ್ತಮ ಚಿತ್ರ, ಉತ್ತಮ ನಿರ್ದೇಶನ ಎರಡೂ ಇದಕ್ಕೆ ಸಂದವು.

ಕಥೆ ಆರಂಭವಾಗುವುದು ಶಾಲೆಯ ಒಂದು ತರಗತಿಯಲ್ಲಿ. ವರ್ಷದ ಪಾಠ ಮುಗಿದಿದೆ. ಮಕ್ಕಳು ಶಾಲೆಯಲ್ಲಿ ಕೊಟ್ಟ ಹಾಲನ್ನು ಕುಡಿಯುತ್ತಿದ್ದಾರೆ. (೨೦೧೩ರಲ್ಲಿ ನಮ್ಮಲ್ಲಿ ಕ್ಷೀರಭಾಗ್ಯ ಯೋಜನೆ ಆರಂಭವಾದಂದಿನಿಂದ ಹಾಲಿನ ಜಿಲ್ಲೆಯೆನಿಸಿದ ಕೋಲಾರದ ಮಕ್ಕಳಿಗೂ ಈ ನೋಟ ಹೊಸದಲ್ಲ.) ಗಲಾಟೆ ನಡೆದೇ ಇದೆ, ಯಾರೂ ಕೇಳುತ್ತಿಲ್ಲ. ಉಪಾಧ್ಯಾಯಿನಿ ಮಾತ್ರ ದನಿಯೇರಿಸದೆ ಮಾತನಾಡುತ್ತಾಳೆ. ತಾನು ಕೆಲಸ ಬಿಡುತ್ತಿದ್ದೇನೆ. ನಾಲ್ಕು ವರ್ಷದ ತನ್ನ ಮಗಳು ಶಾಲೆಯ ಈಜುಕೊಳದಲ್ಲಿ ಸತ್ತುಬಿದ್ದದ್ದನ್ನು ಪೊಲೀಸರು ಆಕಸ್ಮಿಕವೆಂದರು. ಅದು ಆಕಸ್ಮಿಕವಲ್ಲ. ಕೊಂದವರು ಇಬ್ಬರು, ಇದೇ ತರಗತಿಯಲ್ಲಿ ಕುಳಿತಿದ್ದಾರೆ. ಗಲಾಟೆ ನಿಲ್ಲುತ್ತದೆ.

ಆಕೆ ಪೊಲೀಸರ ಬಳಿಗೆ ಹೋಗುವುದಿಲ್ಲ. ಜಪಾನಿನ ದಂಡಸಂಹಿತೆಯಂತೆ ೧೪ ವರ್ಷ ತುಂಬದವರ ಕೃತ್ಯಕ್ಕೆ ಶಿಕ್ಷೆಯಿಲ್ಲ. ಹುಡುಗರಿಗೆ ೧೩. ಆದಕಾರಣ ತಾನೇ ಶಿಕ್ಷೆ ಕೊಟ್ಟಿದ್ದೇನೆ ಎನ್ನುತ್ತಾಳೆ: ಮಗುವಿನ ತಂದೆ ಎಚ್‌ಐವಿ ಸೋಂಕಿತ, ಅವನ ರಕ್ತವನ್ನು ಆ ಇಬ್ಬರು ಈಗ ತಾನೇ ಕುಡಿದ ಹಾಲಿಗೆ ಬೆರೆಸಿದ್ದೇನೆ. ಇಷ್ಟು ಹೇಳಿ ಆಕೆ ಹೊರಟುಹೋಗುತ್ತಾಳೆ. ಚಿತ್ರದ ಮೊದಲ ಅರ್ಧ ಗಂಟೆಯ ಬಹುಭಾಗ ಈ ಮಾತೇ. ಕಣ್ಣು ಮುಚ್ಚಿಕೊಂಡು ಕೇಳಿದರೂ ಅದರ ಕಸುವು ಕಡಮೆಯಾಗದು. ರೇಡಿಯೋ ನಾಟಕ ಕೇಳಿ ಬಲ್ಲವರಿಗೆ ಒಂದೇ ದನಿಗೆ ಎಷ್ಟು ಶಕ್ತಿಯುಂಟೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಎಚ್‌ಐವಿ ಸೋಂಕಿತರೊಡನೆ ಕೂತು ಉಣ್ಣುವುದರಿಂದಾಗಲಿ, ಅವರನ್ನು ಮುಟ್ಟುವುದರಿಂದಾಗಲಿ, ಅವರು ಬಳಸಿದ ಪಾತ್ರೆಯಿಂದಾಗಲಿ ಸೋಂಕು ಹರಡುವುದಿಲ್ಲ. ಆಕೆಯ ಅಸ್ತ್ರ ರೋಗವಲ್ಲ, ರೋಗದ ಭಯ. ಅದೇ ಈ ಕಥೆಯ ತಿರುಳು. ಪರಶುರಾಮನ ಕೊಡಲಿ ಮೈಗೆ ತಾಗಿದರೆ ಅಲ್ಲಿಗೆ ಮುಗಿಯಿತು. ಈ ಮಾತು ಮನಸ್ಸನ್ನು ಹೊಕ್ಕು ಅಲ್ಲಿಯೇ ಬೆಳೆಯುತ್ತದೆ. ಒಬ್ಬ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು, ತಾಯಿಗೆ ಸೋಂಕು ತಗಲೀತೆಂದು ತಾನು ಮುಟ್ಟಿದ್ದನ್ನೆಲ್ಲ ಉಜ್ಜಿ ಉಜ್ಜಿ ತೊಳೆಯುತ್ತಾನೆ. ಇನ್ನೊಬ್ಬ ಶಾಲೆಗೆ ಬರುತ್ತಾನೆ. ಅವನನ್ನು ಹಿಂಸಿಸುವುದು ತರಗತಿಗೆ ಒಂದು ಆಟವಾಗುತ್ತದೆ. ಎಷ್ಟು ಹಿಂಸಿಸಿದರೆ ಎಷ್ಟು ಅಂಕವೆಂದು ಮಕ್ಕಳು ಲೆಕ್ಕವಿಡುತ್ತಾರೆ. ಉಪಾಧ್ಯಾಯಿನಿ ಯಾರ ಹೆಸರನ್ನೂ ಹೇಳಿರಲಿಲ್ಲ. ಒಂದನೆಯವನು, ಎರಡನೆಯವನು ಎಂಬಂತೆ ಅಕ್ಷರಗಳಲ್ಲಿ ಸೂಚಿಸಿದ್ದಳು. ಆದರೆ ಎಲ್ಲರಿಗೂ ತಿಳಿಯುವಂತೆ ಸೂಚಿಸಿದ್ದಳು. ಹೀಗೆ ತಪ್ಪು ಮಾಡದ ಮಕ್ಕಳೂ ಆಕೆಯ ಮುಯ್ಯಿಯಲ್ಲಿ ಪಾಲುಗಾರರಾದರು.

ಮುಂದಿನ ಕಥೆಯನ್ನು ತರಗತಿಯ ಹುಡುಗಿಯೊಬ್ಬಳು, ಒಬ್ಬ ಹುಡುಗನ ತಾಯಿ, ಆ ಇಬ್ಬರು ಹುಡುಗರು ಒಬ್ಬೊಬ್ಬರಾಗಿ ತಮ್ಮ ತಮ್ಮ ಪಾಲನ್ನು ಹೇಳುತ್ತಾರೆ. ಒಂದೇ ಘಟನೆಯನ್ನು ಹಲವರ ಬಾಯಿಂದ ಹೇಳಿಸುವ ರೀತಿಯನ್ನು ಜಗತ್ತು ಗುರುತಿಸಿದ್ದು ಕುರೊಸಾವಾ ಅವರ ೧೯೫೦ರ ‘ರಶೋಮೋನ್’ ಚಿತ್ರದಿಂದ. ನಮ್ಮವರೂ ಆ ದಾರಿಯಲ್ಲಿ ನಡೆದಿದ್ದಾರೆ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (೨೦೧೪) ಕರಾವಳಿಯ ಹಗೆಯ ಕಥೆಯನ್ನು ಹೀಗೆಯೇ ಹೇಳಿತು. ಅದಕ್ಕೂ ಮುಂಚೆ ೧೯೭೮ರಲ್ಲಿ ಗಿರೀಶ ಕಾರ್ನಾಡರು ಕುರೊಸಾವಾ ಅವರ ಪ್ರಭಾವವನ್ನು ಅರಗಿಸಿಕೊಂಡು, ಹೊಯ್ಸಳರ ಕಾಲದ ಕೂಲಿ ಯೋಧರ ಕಥೆಯಾಗಿ ‘ಒಂದಾನೊಂದು ಕಾಲದಲ್ಲಿ’ ಚಿತ್ರವನ್ನು ಮಾಡಿದ್ದರು. ಶಂಕರನಾಗ್ ತೆರೆಗೆ ಬಂದದ್ದು ಅದರಿಂದ. ಹೀಗೆ ಹಲವರ ಬಾಯಿಂದ ಕೇಳಿದಾಗ ಕೊಂದವರು ಬರಿಯ ರಾಕ್ಷಸರಾಗಿ ಉಳಿಯುವುದಿಲ್ಲ. ಒಬ್ಬನು ತನ್ನನ್ನು ಬಿಟ್ಟುಹೋದ ತಾಯಿಯ ಕಣ್ಣಿಗೆ ಬೀಳಬೇಕೆಂದು ಹಂಬಲಿಸುವವನು. ಇನ್ನೊಬ್ಬನು ಯಾರಾದರೂ ತನ್ನನ್ನು ಗೆಳೆಯನೆಂದರೆ ಸಾಕೆನ್ನುವವನು. ಇದರಿಂದ ಅವರ ಪಾಪ ಕಡಮೆಯಾಗುವುದಿಲ್ಲ. ಅವರಿಗೆ ಏಟು ಎಲ್ಲಿ ಬಿದ್ದರೆ ಹೆಚ್ಚು ನೋಯುತ್ತದೆಂಬುದು ತಿಳಿಯುತ್ತದೆ. ಅದು ಉಪಾಧ್ಯಾಯಿನಿಗೂ ತಿಳಿದಿತ್ತು.

ಮೇಷ್ಟರಾದವರಿಗೆ ಈ ಚಿತ್ರ ನುಂಗಲಾರದ ತುತ್ತಾಗುವುದು ಇದೇ ಕಾರಣದಿಂದ. ವರ್ಷವೆಲ್ಲ ಎದುರಿಗೆ ಕೂರುವ ಮಕ್ಕಳಲ್ಲಿ ಯಾವನು ಹೊಗಳಿಕೆಗೆ ಹಸಿದಿದ್ದಾನೆ, ಯಾವಳು ಮನೆಯ ಮಾತೆತ್ತಿದರೆ ತಲೆ ತಗ್ಗಿಸುತ್ತಾಳೆ ಎಂಬುದು ಉಪಾಧ್ಯಾಯನಿಗೆ ಗೊತ್ತಿರುತ್ತದೆ. ಕಲಿಸುವುದಕ್ಕೆ ಅದು ಬೇಕೇ ಬೇಕು. ವೈದ್ಯನಿಗೆ ಮರ್ಮಸ್ಥಾನ ತಿಳಿದಿರುವುದು ಕಾಪಾಡುವುದಕ್ಕೆ. ಮೊರಿಗುಚಿ ಆ ತಿಳಿವನ್ನು ತಿರುಗಿಸಿ ಹಿಡಿಯುತ್ತಾಳೆ. ಆಕೆಗೆ ಆದ ಅನ್ಯಾಯ ಘೋರವಾದದ್ದು. ನೋಡುತ್ತಾ ನೋಡುತ್ತಾ ನಾವೂ ಆಕೆಯ ಪಕ್ಷವಾಗಿರುತ್ತೇವೆ. ಅರ್ಧ ದಾರಿ ಬಂದ ಮೇಲೆ, ಯಾವುದಕ್ಕೆ ತಲೆದೂಗುತ್ತಿದ್ದೇವೆಂದು ಬೆಚ್ಚುತ್ತೇವೆ.

ಕಾನೂನನ್ನು ಬೈದು ಮುಗಿಸಿದರೆ ಈ ಪ್ರಶ್ನೆ ಪರಿಹಾರವಾಗುವುದಿಲ್ಲ. ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ೭ ವರ್ಷದೊಳಗಿನ ಮಗು ಮಾಡಿದ್ದು ಅಪರಾಧವಲ್ಲ. ೭ರಿಂದ ೧೨ರವರೆಗೆ ಮಗುವಿನ ತಿಳಿವಳಿಕೆಯನ್ನು ನೋಡಬೇಕು. ೧೮ ತುಂಬದವರ ವಿಷಯ ಬಾಲನ್ಯಾಯ ಮಂಡಲಿಗೆ ಹೋಗುತ್ತದೆ. ೧೬ ತುಂಬಿದವರು ಘೋರ ಅಪರಾಧ ಮಾಡಿದ್ದರೆ ಅವರನ್ನು ವಯಸ್ಕರಂತೆ ವಿಚಾರಿಸಬಹುದೆ ಎಂದು ಪರಿಶೀಲಿಸಲು ೨೦೧೫ರ ಕಾಯಿದೆ ಅವಕಾಶ ಕೊಟ್ಟಿದೆ. ಮಗು ತಿದ್ದಿಕೊಳ್ಳಬಲ್ಲದೆಂಬ ನಂಬಿಕೆ ಈ ನಿಯಮಗಳ ತಳಹದಿ. ಆ ನಂಬಿಕೆಯ ಬೆಲೆಯನ್ನು ತೆರಬೇಕಾದವಳು ಮಾತ್ರ ಮಗುವನ್ನು ಕಳೆದುಕೊಂಡ ತಾಯಿ. ಇದನ್ನು ಮರೆಮಾಚದಿರುವುದು ಚಿತ್ರದ ಪ್ರಾಮಾಣಿಕತೆ.

ಇಂಥ ತಾಯಿಯೊಬ್ಬಳು ನಮ್ಮ ಪುರಾಣದಲ್ಲಿಯೂ ಇದ್ದಾಳೆ. ಮಲಗಿದ್ದ ಐವರು ಮಕ್ಕಳನ್ನು ಅಶ್ವತ್ಥಾಮನು ಕೊಂದ ಮೇಲೆ ಅರ್ಜುನನು ಅವನನ್ನು ಕಟ್ಟಿ ತಂದು ದ್ರೌಪದಿಯ ಮುಂದೆ ನಿಲ್ಲಿಸಿದನೆಂದು ಭಾಗವತದಲ್ಲಿದೆ. ಹದಿಮೂರು ವರ್ಷ ಮುಡಿ ಬಿಚ್ಚಿಕೊಂಡಿದ್ದವಳು ಆಗ ಹೇಳಿದ್ದು ಬಿಟ್ಟುಬಿಡಿರೆಂದು. ಅವನು ಗುರುಪುತ್ರನೆಂಬುದು ಒಂದು ಕಾರಣ. ತಾನು ಅಳುವಂತೆ ಅವನ ತಾಯಿಯೂ ಅಳುವುದು ಬೇಡವೆಂಬುದು ಇನ್ನೊಂದು. ಅವಳು ಮರೆತಳೆಂದಾಗಲಿ, ಅವನ ತಪ್ಪು ಹೋಯಿತೆಂದಾಗಲಿ ಅಲ್ಲ. ಅವನ ತಲೆಮಣಿಯನ್ನು ಕಿತ್ತುಕೊಂಡು ಮಾನ ಕಳೆದು ಅಟ್ಟಿದರು. ಆದರೆ ಇನ್ನೊಬ್ಬ ತಾಯಿಯನ್ನು ಲೆಕ್ಕಕ್ಕೆ ಎಳೆಯಲು ಅವಳು ಒಪ್ಪಲಿಲ್ಲ. ಕೂಡಿಸುತ್ತ ಬಂದ ಒಂದು ರೂಪಾಯಿಯನ್ನು ಅವಳು ಕೂಡಿಸಲಿಲ್ಲ. ಮೊರಿಗುಚಿಯ ಮುಯ್ಯಿ ಯಾವ ತಾಯಂದಿರ ಬಾಗಿಲಿಗೆ ಹೋಗಿ ನಿಲ್ಲುತ್ತದೆಂಬುದನ್ನು ಚಿತ್ರ ನೋಡಿಯೇ ತಿಳಿಯಬೇಕು. ಇಲ್ಲಿ ಹೇಳುವುದು ಸರಿಯಲ್ಲ. ಇಷ್ಟು ಹೇಳಬಹುದು: ಕಡೆಯಲ್ಲಿ ಆಕೆಯ ಮುಖದ ಮೇಲೆ ನೆಮ್ಮದಿಯನ್ನು ಹುಡುಕುವವರಿಗೆ ಅದು ಸಿಕ್ಕುವುದು ಕಷ್ಟ.

ಶತಶೃಂಗದಿಂದ ಮುಳಬಾಗಿಲಿನ ಕಡೆಗೆ ಹೋದರೆ ಆವಣಿಯ ಬೆಟ್ಟವಿದೆ. ಅಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಅಲ್ಲಿಯೇ ಎಂಬುದು ಆ ಊರಿನ ನಂಬಿಕೆ. ಕ್ರೌಂಚಪಕ್ಷಿಯ ಸಾವನ್ನು ಕಂಡ ವಾಲ್ಮೀಕಿಯ ಬಾಯಿಂದಲೂ ಮೊದಲು ಹೊರಟದ್ದು ಶಾಪವೇ. ಆಡಿದ ಮೇಲೆ ಅವನು ತನ್ನ ಮಾತಿನ ಕಡೆಗೇ ತಿರುಗಿ ನೋಡಿದನು, ಶೋಕ ಶ್ಲೋಕವಾಯಿತು. ನೋವು ಒಂದು ಬೆಟ್ಟದ ಮೇಲೆ ಕೊಡಲಿಯಾಯಿತು, ಇನ್ನೊಂದರ ಮೇಲೆ ಕಾವ್ಯವಾಯಿತು. ಎರಡೂ ನಮ್ಮ ಜಿಲ್ಲೆಯವೇ. ಎರಡೂ ನಮ್ಮ ಮನಸ್ಸಿನವೇ.

ಜಪಾನಿನಲ್ಲಿ ಈ ಚಿತ್ರವನ್ನು ೧೫ ವರ್ಷ ತುಂಬದವರು ನೋಡುವಂತಿಲ್ಲವೆಂದು ಗೊತ್ತುಮಾಡಿದ್ದರು. ಅಂದರೆ ಕಥೆಯೊಳಗಿನ ಮಕ್ಕಳ ವಯಸ್ಸಿನವರು ಇದನ್ನು ನೋಡುವ ಹಾಗಿಲ್ಲ. ಇದು ಹಿರಿಯರಿಗಾಗಿ, ಅದರಲ್ಲಿಯೂ ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ಮಾಡಿದ ಚಿತ್ರ. ಆ ತರಗತಿಯಲ್ಲಿ ವರ್ಷದುದ್ದಕ್ಕೂ ಯಾರ ಮಾತನ್ನೂ ಯಾರೂ ಕೇಳಿರಲಿಲ್ಲ. ಕೇಳಿಸಿಕೊಂಡದ್ದು ಕೊನೆಯ ದಿನ, ಬೆದರಿಕೆಯ ಮಾತನ್ನು ಮಾತ್ರ. ಮನೆಯಲ್ಲಿ, ಶಾಲೆಯಲ್ಲಿ ಮಕ್ಕಳ ಮಾತನ್ನು ಅದಕ್ಕೆ ಮುಂಚೆಯೇ ಕೇಳುವ ಅಭ್ಯಾಸವಿದ್ದರೆ ಮುಯ್ಯಿಯ ಪುಸ್ತಕದ ಎಷ್ಟೋ ಪುಟಗಳು ಖಾಲಿಯಾಗಿಯೇ ಉಳಿದಾವು.