ಕಲ್ಲಂಗಡಿ ಬಳ್ಳಿ ಬಾಡ್ತಿದೆಯಾ? ಮೊದಲು ಬುಡ ಸೀಳಿ ನೋಡಿ

ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುವ ಬಳ್ಳಿಗೆ ನೀರು ಸಾಲದು ಅಂತ ಡ್ರಿಪ್ ಜಾಸ್ತಿ ಬಿಡಬೇಡಿ. ಬುಡದ ಕಾಂಡ ಉದ್ದಕ್ಕೆ ಸೀಳಿ. ಒಳಗೆ ಕಂದು ಗೆರೆ ಕಂಡರೆ ಅದು ಫ್ಯುಸೇರಿಯಂ ಸೊರಗು ರೋಗದ ಗುರುತು. ಶಿಲೀಂಧ್ರ ನೀರು ಸಾಗುವ ನಾಳವನ್ನೇ ಮುಚ್ಚುತ್ತೆ. ಎಲೆಗೆ ಏನು ಹೊಡೆದರೂ ದುಡ್ಡು ದಂಡ. ಬಳ್ಳಿಯನ್ನು ಬೇರುಸಮೇತ ಕಿತ್ತು ಸುಟ್ಟುಬಿಡಿ.

ಈ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ಆ ಜಾಗದಲ್ಲಿ ಕನಿಷ್ಠ 5 ವರ್ಷ ಕಲ್ಲಂಗಡಿ ಬೇಡ. ಜೋಳ, ಮೆಕ್ಕೆಜೋಳ ಹಾಕಿ. ಬೇರೆ ಜಮೀನಿಲ್ಲ ಅಂದ್ರೆ ಸೋರೆ ಬೇರಿಗೆ ಕಸಿ ಮಾಡಿದ ಸಸಿ ತನ್ನಿ. ಅದಕ್ಕೆ ಈ ರೋಗ ತಡೆಯುವ ಶಕ್ತಿ ಇದೆ.

ನಾನು ನಾಟಿಗೆ ಮೊದಲು ಟ್ರೈಕೋಡರ್ಮಾವನ್ನು ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಜೊತೆ ಬೆರೆಸಿ, ನೆರಳಲ್ಲಿ 15 ದಿನ ತೇವವಾಗಿಟ್ಟು ಮಣ್ಣಿಗೆ ಕೊಡ್ತೀನಿ. ಇದು ಮುಂಜಾಗ್ರತೆ ಮಾತ್ರ, ಬಾಡಿದ ಬಳ್ಳಿಗೆ ಮದ್ದಲ್ಲ.